ಗಾಜಿನೊಳಗಿನ ಗುಳ್ಳೆಗೆ ಹೊಣೆ ಯಾರು?

ಹೋದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಅಂಗವಾಗಿ ಗ್ರಂಥಾಲಯದ ಹಜಾರದಲ್ಲಿ ವಿದ್ಯಾರ್ಥಿಗಳ ಕೈಕೆಲಸದ ಪ್ರದರ್ಶನವೊಂದು ನಡೆದದ್ದು ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಬಾಗಿಲಿನಿಂದ ಒಳಕ್ಕೆ ಬಂದರೆ ಎಡಗಡೆಯ ಮೂರನೆಯ ಮೇಜಿನ ಮೇಲೆ, ಕಸೂತಿ ಹಾಕಿದ ದಿಂಬಿನ ಗವಸುಗಳಿಗೂ ಬೆಂಕಿಕಡ್ಡಿಯಲ್ಲಿ ಕಟ್ಟಿದ ಗೋಲಗುಮ್ಮಟಕ್ಕೂ ನಡುವೆ, ಅಂಗೈಯಗಲದ ಒಂದು ಗಾಜಿನ ತಟ್ಟೆಯಿತ್ತು. ಗಾಜಿನ ಹೊಟ್ಟೆಯೊಳಗೆ ತಾಮ್ರದ ತಗಡಿನ ಅರಳಿ ಎಲೆ. ಎಲೆಯ ಸುತ್ತ ಸಾಸಿವೆಕಾಳಿನಷ್ಟು, ರಾಗಿಕಾಳಿನಷ್ಟು, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳು ನೂರಾರು. ತಟ್ಟೆಯ ಮುಂದಿನ ಕಾರ್ಡಿನಲ್ಲಿ ‘ಮೊದಲ ಮಳೆ’ ಎಂದು ದುಂಡಕ್ಷರದಲ್ಲಿ ಬರೆದಿತ್ತು. ಅದಕ್ಕೆ ಎರಡನೆಯ ಬಹುಮಾನವೂ ಬಂದಿತು.

ಆ ತಟ್ಟೆಯನ್ನು ಮಾಡಿದವನು ನಾನು. ಹೆಸರಿಟ್ಟವನೂ ನಾನೇ. ಆದರೆ ಹೆಸರು ಹೊಳೆದದ್ದು ಪ್ರದರ್ಶನದ ಬಾಗಿಲು ತೆರೆಯುವುದಕ್ಕೆ ಹತ್ತು ನಿಮಿಷ ಮುಂಚೆ. ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಅದಕ್ಕೆ ಇದ್ದ ಹೆಸರು ‘ಕೆಟ್ಟುಹೋದ ಆರನೆಯದು’ ಎಂದು. ಒಂದು ಗುಳ್ಳೆಯೂ ಇಲ್ಲದ, ಕೊಳದ ನೀರಿನಂತೆ ತಿಳಿಯಾದ ಗಾಜಿನೊಳಗೆ ಎಲೆಯೊಂದೇ ತೇಲುತ್ತಿರಬೇಕೆಂಬುದು ನನ್ನ ಆಸೆಯಾಗಿತ್ತು. ಆಗಲಿಲ್ಲ. ಆಗದಿದ್ದುದಕ್ಕೆ ‘ಮೊದಲ ಮಳೆ’ ಎಂದು ಹೆಸರು ಕೊಟ್ಟೆ, ಜನ ಮೆಚ್ಚಿದರು, ನಾನು ತಲೆಯಾಡಿಸಿದೆ. ಸಂಪಾದಕರು ‘ಏನಾದರೂ ಬರೆದುಕೊಡಿ’ ಎಂದು ಕೇಳಿದಾಗ ಮೊದಲು ಇದನ್ನು ಬರೆಯಬೇಕೆನ್ನಿಸಿತು.

ಬಿ.ಎ. ತರಗತಿಯಲ್ಲಿ ಇತಿಹಾಸ ಓದುವವನಿಗೆ ಗಾಜಿನ ಗೊಡವೆ ಏತಕ್ಕೆ ಎಂದು ಕೆಲವರು ಹುಬ್ಬೇರಿಸಿಯಾರು. ನಮ್ಮದು ಆರ್ಟ್ಸ್ ಕಾಲೇಜು. ಫಲಕದ ಮೇಲೆ ಹಾಗೆಯೇ ಬರೆದಿದೆ. ಆದರೆ ಕೈಯಿಂದ ಮಾಡುವ ‘ಆರ್ಟ್’ ಎಂಬುದು ಆವರಣದೊಳಗೆ ವರ್ಷಕ್ಕೆ ಒಂದು ದಿನ, ಅದೂ ಗ್ರಂಥಾಲಯದ ಮೇಜುಗಳನ್ನು ಒತ್ತರಿಸಿದ ಮೇಲೆ, ಕಾಲಿಡುತ್ತದೆ. ಇರಲಿ, ಆ ಮಾತು ಇನ್ನೊಂದು ಲೇಖನಕ್ಕೆ ಆದೀತು.

ನನ್ನ ಸೋದರಮಾವನಿಗೆ ಪೇಟೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಿದೆ. ದೇವರ ಪಟ, ಮದುವೆಯ ಪಟ, ತೀರಿಕೊಂಡ ಹಿರಿಯರ ಪಟ ಎಲ್ಲವೂ ಅಲ್ಲಿಗೆ ಬರುತ್ತವೆ. ಕಿಟಕಿಗಳಿಗೂ ಅವರು ಗಾಜು ಕೊಯ್ದುಕೊಡುತ್ತಾರೆ. ಕೊಯ್ದು ಉಳಿದ ತುಂಡುಗಳು ಅಂಗಡಿಯ ಹಿಂದೆ ರಾಶಿ ಬಿದ್ದಿರುತ್ತವೆ. ಪಿಂಗಾಣಿಯ ಮೇಲೆ ಚಿತ್ರ ಬರೆದು ಸುಡುತ್ತಿದ್ದ ಮಹಿಳೆಯೊಬ್ಬರು ಮನೆ ಬದಲಾಯಿಸುವಾಗ ತಮ್ಮ ಸಣ್ಣ ವಿದ್ಯುತ್ ಗೂಡನ್ನು ಮಾರಿದರು. ಮಾವ ಅದನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡರು. ಕೊಂಡ ಮೇಲೆ ಅದರಲ್ಲಿ ಏನು ಮಾಡಬೇಕೆಂದು ಅವರಿಗೂ ತಿಳಿಯದು. ಹೀಗೆ ಹಳೆಯ ಗೂಡೊಂದು, ಬಿಟ್ಟಿ ಗಾಜಿನ ರಾಶಿಯೊಂದು, ರಜೆಯಲ್ಲಿದ್ದ ನಾನೊಬ್ಬ, ಮೂವರೂ ಒಂದೆಡೆ ಸೇರಿದೆವು.

ಗಾಜನ್ನು ಗೂಡಿನಲ್ಲಿಟ್ಟು ಬೆಸೆಯುವ ಕೆಲಸ ಬಹಳ ಹಳೆಯದು. ಊದುಗೊಳವೆಯಿಂದ ಗಾಜನ್ನು ಊದುವ ವಿದ್ಯೆ ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಹುಟ್ಟುವುದಕ್ಕಿಂತ ಮುಂಚೆಯೇ ಮೆಡಿಟರೇನಿಯನ್ ಕಡಲಿನ ಸುತ್ತಣ ಜನ ಬಣ್ಣದ ಗಾಜಿನ ಚೂರುಗಳನ್ನು ಒತ್ತಾಗಿ ಜೋಡಿಸಿ ಬೆಸೆದು ಬಟ್ಟಲುಗಳನ್ನು ಮಾಡುತ್ತಿದ್ದರು. ಊದುವುದು ಬಂದ ಮೇಲೆ ಬೆಸೆಯುವುದು ಹಿಂದೆ ಬಿದ್ದಿತು. ಇಪ್ಪತ್ತನೆಯ ಶತಮಾನದಲ್ಲಿ ಅದಕ್ಕೆ ಮತ್ತೆ ಜೀವ ಬಂದಿತು. ಅಮೆರಿಕದ ಚಿಕಾಗೋದಲ್ಲಿ ಮೈಕೇಲ್ ಮತ್ತು ಫ್ರಾನ್ಸಿಸ್ ಹಿಗ್ಗಿನ್ಸ್ ಎಂಬ ದಂಪತಿಗಳು 1948ರಲ್ಲಿ ಸ್ಥಾಪಿಸಿದ ಕಾರ್ಯಾಗಾರ ಇದಕ್ಕೆ ಹೆಸರಾಯಿತು. ಕ್ರಮವನ್ನು ಹೇಳುವುದು ಸುಲಭ. ಒಂದರ ಮೇಲೊಂದು ಗಾಜಿನ ಹಾಳೆಯಿಟ್ಟು ಕಾಯಿಸಬೇಕು. ಮಂಜುಗಡ್ಡೆಯಂತೆ ಗಾಜು ಒಂದು ಗೊತ್ತಾದ ಡಿಗ್ರಿಯಲ್ಲಿ ತಟ್ಟನೆ ಕರಗುವುದಿಲ್ಲ. ಬೆಲ್ಲದ ಪಾಕ ಸಡಿಲವಾದಂತೆ ಮೆಲ್ಲಗೆ ಸಡಿಲವಾಗುತ್ತದೆ. ಕಿಟಕಿಯ ಗಾಜು 600 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ತನ್ನ ಭಾರಕ್ಕೆ ತಾನೇ ಬಾಗತೊಡಗುತ್ತದೆ. 800 ಮೀರಿದ ಮೇಲೆ ಎರಡು ಹಾಳೆ ಒಂದಾಗಿ ಅಂಚು ದುಂಡಗಾಗುತ್ತದೆ. ಇಳಿಸುವಾಗ 550ರ ಆಸುಪಾಸಿನಲ್ಲಿ ನಿಲ್ಲಿಸಿ, ಆಮೇಲೆ ಹದವಾಗಿ ತಣಿಸಬೇಕು. ಆತುರಪಟ್ಟು ಮುಚ್ಚಳ ತೆಗೆದರೆ ಬಿರುಕು. ತಟ್ಟೆಯ ಆಕಾರ ಬೇಕಾದರೆ ಮಣ್ಣಿನ ಅಚ್ಚಿನಲ್ಲಿಟ್ಟು ಇನ್ನೊಮ್ಮೆ, ಕಡಿಮೆ ಶಾಖದಲ್ಲಿ, ಬಾಗಿಸಬೇಕು. ಇಷ್ಟೇ. ಈ ‘ಇಷ್ಟೇ’ಯ ನಡುವೆ ಗಾಳಿಯೊಂದಿದೆ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೊದಲನೆಯ ದಿನ ಮೂರು ಮಿಲಿಮೀಟರಿನ ಎರಡು ಹಾಳೆ ಕೊಯ್ದು, ನಡುವೆ ತಾಮ್ರದ ಎಲೆಯನ್ನು ಅಂಟು ಹಾಕಿ ಕೂರಿಸಿ, ಗೂಡನ್ನು ಅದರ ಶಕ್ತಿಯಿದ್ದಷ್ಟು ವೇಗದಲ್ಲಿ ಏರಲು ಬಿಟ್ಟೆ. ಮರುದಿನ ಮುಚ್ಚಳ ತೆಗೆದರೆ ನಟ್ಟನಡುವೆ ಉಬ್ಬಿ ಒಡೆದ ಪೂರಿಯಂಥ ಗುಳ್ಳೆ. ಒಡೆದ ಬಾಯಿಯ ಅಂಚು ಈರುಳ್ಳಿಯ ಸಿಪ್ಪೆಯಷ್ಟು ತೆಳ್ಳಗಿತ್ತು. ಅದನ್ನು ಮುಟ್ಟಿ ನೋಡಿದ ತಪ್ಪಿಗೆ ಬೆರಳು ಕೊಯ್ದು ಎರಡು ಹೊಲಿಗೆ ಬಿದ್ದವು. ಗುಳ್ಳೆ ಚೆಂದ ಎಂದು ಹೇಳುವವರು ಈ ಜಾತಿಯ ಗುಳ್ಳೆಯನ್ನು ಕಂಡಿರಲಾರರು. ಇಂಥ ತಟ್ಟೆಯಲ್ಲಿ ಯಾರಾದರೂ ಹಣ್ಣಿನ ಹೋಳು ಇಟ್ಟು ತಿಂದರೆ ಅದರ ಪುಡಿ ಹೊಟ್ಟೆಗೆ ಹೋದೀತು.

ಎರಡನೆಯ ಸಲ ನಾನು ಮಾಡಿದ್ದು ಎಲ್ಲ ಹೊಸಬರೂ ಮಾಡುವ ಕೆಲಸವನ್ನೇ. ಶಾಖ ಸಾಲದೆಂದು ಭಾವಿಸಿ 850ಕ್ಕೆ ಏರಿಸಿದೆ. ಗಾಜು ಇನ್ನಷ್ಟು ನೀರಾದರೆ ಗುಳ್ಳೆ ತಾನಾಗಿ ಮೇಲೆ ಬಂದು ಒಡೆದು ಗಾಯ ಮಾಯುತ್ತದೆ ಎಂಬುದು ನನ್ನ ತರ್ಕ. ಗುಳ್ಳೆ ಒಡೆಯಿತು; ಗಾಯ ಮಾಯಲಿಲ್ಲ. ತಟ್ಟೆಗೆ ಆರಪಾರ ತೂತಾಗಿ, ಅಂಚು ಕೆಳಗಿನ ಹಲಗೆಗೆ ಕಚ್ಚಿಕೊಂಡಿತು. ಮೂರು, ನಾಲ್ಕು, ಐದನೆಯವುಗಳ ಕಥೆ ಬೇಡ. ಆರನೆಯದರಲ್ಲಿ ಎರಡು ಹಾಳೆಗಳ ನಡುವಣ ಸಂದನ್ನೇ ತುಂಬಿಬಿಟ್ಟರೆ ಗಾಳಿಗೆ ಜಾಗವೆಲ್ಲಿ ಎಂದುಕೊಂಡು ಗಾಜನ್ನು ಕುಟ್ಟಿ ಜರಡಿ ಹಿಡಿದು ಹಿಟ್ಟಿನಷ್ಟು ನಯಮಾಡಿ ದಪ್ಪವಾಗಿ ಹರಡಿದೆ. ಹಿಟ್ಟಿನ ಕಣಕಣದ ನಡುವೆ ಗಾಳಿಯಿರುತ್ತದೆ ಎಂಬುದು ರೊಟ್ಟಿ ತಟ್ಟುವವರಿಗೆ ಗೊತ್ತು, ನನಗೆ ಹೊಳೆಯಲಿಲ್ಲ. ಒಂದು ದೊಡ್ಡ ಗುಳ್ಳೆಯ ಬದಲು ನೂರಾರು ಸಣ್ಣವು ಬಂದವು. ಅದೇ ‘ಮೊದಲ ಮಳೆ’.

ಪ್ರದರ್ಶನದ ದಿನ ನಮ್ಮ ಉಪನ್ಯಾಸಕರೊಬ್ಬರು ಆ ಮೇಜಿನ ಮುಂದೆ ಬಹಳ ಹೊತ್ತು ನಿಂತರು. ‘ಏನಯ್ಯಾ, ಈ ಹನಿಗಳನ್ನು ಎಲೆಯ ಸುತ್ತಲೇ ಬೀಳುವಂತೆ ಹೇಗೆ ಮಾಡಿದೆ?’ ಎಂದು ಕೇಳಿದರು. ನಾನು, ‘ಸ್ವಲ್ಪ ಕಷ್ಟವಾಯಿತು ಸಾರ್’ ಎಂದೆ. ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಎಲೆಯ ಸುತ್ತ ಹೆಚ್ಚು ಗುಳ್ಳೆ ಬಂದದ್ದು ಎಲೆಯಡಿಯ ಅಂಟು ಸುಟ್ಟು ಹೊಗೆಯಾದದ್ದರಿಂದ. ಆ ಹೊತ್ತಿಗೆ ನನಗೆ ಅದೂ ತಿಳಿದಿರಲಿಲ್ಲ. ಹದಿನೈದು ದಿನ ಕಳೆದ ಮೇಲೆ ಅವರು ಕರೆದು, ‘ನನ್ನ ಮಗಳ ಮನೆಯ ಗೃಹಪ್ರವೇಶಕ್ಕೆ ಅಂಥದೇ ಇನ್ನೊಂದು ಮಾಡಿಕೊಡಯ್ಯಾ, ಕೊಂಚ ದೊಡ್ಡದು. ಖರ್ಚು ನನ್ನದು’ ಎಂದರು. ನಾನು ಆಗಲಿ ಎಂದೆ. ಆಗ ಹಿಡಿಯಿತು ನನಗೆ ನಡುಕ.

ಮುಂದಿನ ಎರಡು ತಿಂಗಳಲ್ಲಿ ಐದು ಸಲ ಗೂಡು ಹಚ್ಚಿದೆ. ಒಮ್ಮೆ ಹಿಟ್ಟು ಹಾಲಿನಂತೆ ಮಬ್ಬಾಯಿತು. ಒಮ್ಮೆ ಗುಳ್ಳೆಗಳೆಲ್ಲ ಒಂದು ಮೂಲೆಗೆ ಸೇರಿಕೊಂಡವು. ಒಮ್ಮೆ ಅರ್ಧ ದಾರಿಯಲ್ಲಿ ಕರೆಂಟು ಹೋಯಿತು. ನಾನು ಮಾಡಿದ್ದೆಂದು ಎಲ್ಲರೂ ಹೊಗಳಿದ ವಸ್ತುವನ್ನು ನಾನೇ ಇನ್ನೊಮ್ಮೆ ಮಾಡಲಾರೆ ಎಂದಾದಾಗ ಅದನ್ನು ಮಾಡಿದವನು ನಾನೆಂದು ಹೇಳುವುದು ಹೇಗೆ? ಈ ಪ್ರಶ್ನೆ ಆ ದಿನಗಳಲ್ಲಿ ನನ್ನನ್ನು ಕಾಡಿದಷ್ಟು ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಕಾಡಿಲ್ಲ.

ದಾರಿ ತೋರಿಸಿದವರು ಇಬ್ಬರು. ಇಬ್ಬರೂ ಗಾಜು ಬೆಸೆಯುವವರಲ್ಲ. ಮೊದಲನೆಯವಳು ಪಿ.ಯು.ಸಿ.ಯಲ್ಲಿ ವಿಜ್ಞಾನ ಓದುತ್ತಿರುವ ನನ್ನ ತಂಗಿ. ‘ಕಾದರೆ ಗಾಳಿ ಹಿಗ್ಗುತ್ತದಲ್ಲ, ಅದೇ ಕಾರಣ’ ಎಂದು ನಾನು ಪಾಂಡಿತ್ಯ ತೋರಿಸಿದಾಗ ಅವಳು ಹಾಳೆ ಪೆನ್ಸಿಲು ತೆಗೆದುಕೊಂಡಳು. ‘ಅಣ್ಣ, ನಿನ್ನ ಗಾಜಿನ ಅಂಚು ಎಷ್ಟು ಡಿಗ್ರಿಗೆ ಅಂಟಿಕೊಳ್ಳುತ್ತದೆ?’ ಎಂದು ಕೇಳಿದಳು. ಸುಮಾರು 680 ಎಂದಿಟ್ಟುಕೋ ಎಂದೆ. ಲೆಕ್ಕ ಹೀಗಾಯಿತು: 30 ಡಿಗ್ರಿಯ ಗಾಳಿ 820ಕ್ಕೆ ಏರಿದರೆ ಮೂರೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. ಆದರೆ ಅಂಚು ಮುಚ್ಚುವವರೆಗೆ ಹಿಗ್ಗಿದ ಗಾಳಿಯೆಲ್ಲ ಸಂದಿನಿಂದ ಹೊರಕ್ಕೆ ಹೋಗಿರುತ್ತದೆ. ಮುಚ್ಚಿದ ಮೇಲೆ, 680ರಿಂದ 820ರವರೆಗೆ, ಉಳಿದ ಗಾಳಿ ಹಿಗ್ಗುವುದು ಏಳರಲ್ಲಿ ಒಂದು ಪಾಲು ಮಾತ್ರ. ‘ಹಿಗ್ಗುವುದಲ್ಲ ನಿನ್ನ ತೊಂದರೆ. ಬಾಗಿಲು ಹಾಕುವ ಹೊತ್ತಿಗೆ ಒಳಗೆ ಎಷ್ಟು ಜನ ಉಳಿದಿದ್ದರು ಅನ್ನುವುದು’ ಎಂದಳು. ಹಾಳೆಗಳ ನಡುವೆ ತೆಳ್ಳಗೆ ಹರಡಿದ್ದ ಗಾಳಿ ಗಾಜು ಮೆತ್ತಗಾದಾಗ ಒಂದೆಡೆ ಗುಂಪುಗೂಡಿ ಬೆನ್ನೆತ್ತುತ್ತದೆ. ನನ್ನ ಪೂರಿ ಹುಟ್ಟಿದ್ದು ಹಾಗೆ. ಆ ಹಳೆಯ ಗೂಡಿನಲ್ಲಿ ಕಾಯುವ ತಂತಿಗಳು ನಾಲ್ಕು ಗೋಡೆಗಳಲ್ಲಿವೆ, ನೆತ್ತಿಯ ಮೇಲಿಲ್ಲ. ಆದ್ದರಿಂದ ಅಂಚು ಮೊದಲು ಕಾಯುತ್ತದೆ, ಮೊದಲು ಮುಚ್ಚುತ್ತದೆ; ನಡುವಿನ ಗಾಳಿಗೆ ದಾರಿ ಕಟ್ಟಾಗುತ್ತದೆ. ವೇಗವಾಗಿ ಏರಿಸಿದಷ್ಟೂ ಇದು ಹೆಚ್ಚು.

ಎರಡನೆಯವರು ಮಾವ. ಅವರು ಒಂದು ದಿನ ದೊಡ್ಡದೊಂದು ಫೋಟೋವನ್ನು ರಟ್ಟಿಗೆ ಅಂಟಿಸುತ್ತಿದ್ದರು. ಮೈದಾ ಸರಿ ಬಳಿದು, ಫೋಟೋವನ್ನು ಹರಡಿ, ಬಟ್ಟೆಯ ಉಂಡೆಯಿಂದ ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಒತ್ತುತ್ತ ಹೋದರು. ‘ಅಂಚು ಮೊದಲು ಒತ್ತಿದೆಯೋ, ಕೆಟ್ಟೆ ಕಣೋ. ಗಾಳಿ ಒಳಗೇ ಕೂತುಕೊಳ್ಳುತ್ತದೆ. ಆಮೇಲೆ ಎಷ್ಟು ತಿಕ್ಕಿದರೂ ಆ ಕಡೆಯಿಂದ ಈ ಕಡೆಗೆ ಓಡಾಡುತ್ತದೆಯೇ ಹೊರತು ಆಚೆಗೆ ಹೋಗುವುದಿಲ್ಲ’ ಎಂದರು. ನಲವತ್ತು ವರ್ಷದಿಂದ ಅವರು ಇದನ್ನೇ ಮಾಡುತ್ತಿದ್ದಾರೆ. ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಗಾಜು ಬೆಸೆಯುವವರು ‘ಬಬಲ್ ಸ್ಕ್ವೀಜ್’ ಎಂದು ಕರೆಯುವ ಕ್ರಮವೊಂದನ್ನು ನಾನು ಹಿಂದೆಯೇ ಓದಿದ್ದೆ. 600ರಿಂದ 680ರವರೆಗಿನ ಘಟ್ಟವನ್ನು ಗೂಡು ಬಹಳ ನಿಧಾನವಾಗಿ ದಾಟಬೇಕು, ಅಲ್ಲಿ ಅರ್ಧ ಗಂಟೆಯೋ ಒಂದು ಗಂಟೆಯೋ ಕಳೆಯಬೇಕು ಎಂದು ಅದರಲ್ಲಿತ್ತು. ಏನೋ ನೇಮವೆಂದು ಬಿಟ್ಟುಬಿಟ್ಟಿದ್ದೆ. ಮಾವನ ಬಟ್ಟೆಯ ಉಂಡೆಯನ್ನು ಕಂಡಾಗ ಅರ್ಥವಾಯಿತು. ಆ ಘಟ್ಟದಲ್ಲಿ ಗಾಜು ಬಾಗುವಷ್ಟು ಮೆತ್ತಗಿರುತ್ತದೆ, ಅಂಟುವಷ್ಟು ಮೆತ್ತಗಿರುವುದಿಲ್ಲ. ಮೇಲಿನ ಹಾಳೆ ತನ್ನ ಭಾರದಿಂದಲೇ ಕೆಳಗಿನದರ ಮೇಲೆ ಮಲಗಿಕೊಳ್ಳುತ್ತ ಗಾಳಿಯನ್ನು ಅಂಚಿನ ಕಡೆಗೆ ದೂಡುತ್ತದೆ. ಅಂಚು ಬೇಗ ಕಚ್ಚದಿರಲೆಂದು ನಾಲ್ಕು ಮೂಲೆಗಳಲ್ಲಿ ಒಂದೊಂದು ಗಾಜಿನ ನುಚ್ಚಿನ ಕಾಳು ಇಟ್ಟರೆ ಇನ್ನೂ ಒಳ್ಳೆಯದು. ಹಿಟ್ಟಲ್ಲ, ನುಚ್ಚು, ತರಿಯ ನಡುವೆ ಗಾಳಿಗೆ ಓಣಿಯಿರುತ್ತದೆ.

ಉಳಿದ ಕಾರಣಗಳು ಸಣ್ಣವು, ಆದರೆ ಅವೂ ನನ್ನವೇ. ಗಾಜು ಹಲಗೆಗೆ ಅಂಟದಂತೆ ಅಲ್ಯುಮಿನ ಮತ್ತು ಪಿಂಗಾಣಿ ಮಣ್ಣನ್ನು ನೀರಿನಲ್ಲಿ ಕಲಸಿ ಬಳಿಯುತ್ತಾರೆ. ನಾನು ಅದು ಒಣಗುವ ಮುಂಚೆಯೇ ಗಾಜು ಇಡುತ್ತಿದ್ದೆ, ನೀರು ಆವಿಯಾಗಿ ಕೆಳಗಿನಿಂದ ಒದೆಯುತ್ತಿತ್ತು. ಹಲಗೆಯಲ್ಲಿ ಒಂದು ಕಡೆ ತಗ್ಗಿತ್ತು. ಅಡಿಕೋಲನ್ನು ಅಡ್ಡಲಾಗಿಟ್ಟು ನೋಡಿದ ದಿನ ಗೊತ್ತಾಯಿತು. ಖರ್ಚು ಉಳಿಸಲು ಒಂದೇ ಹಾಳೆಯನ್ನು ಪೂರ್ತಿ ಕಾಯಿಸಿದ್ದೂ ಉಂಟು. ಪೂರ್ತಿ ಕರಗುವ ಶಾಖದಲ್ಲಿ ಗಾಜು ಸುಮಾರು ಆರು ಮಿಲಿಮೀಟರು ದಪ್ಪಕ್ಕೆ ನಿಲ್ಲಲು ಬಯಸುತ್ತದೆ. ಅದಕ್ಕಿಂತ ತೆಳ್ಳಗಿದ್ದರೆ ಅಂಚಿನಿಂದ ಒಳಕ್ಕೆ ಸರಿದು, ಅಂಚು ದಪ್ಪವಾಗಿ, ನಡು ತೆಳುವಾಗಿ, ಕೆಳಗಿನ ಗಾಳಿಯನ್ನು ಹಿಡಿದುಹಾಕುತ್ತದೆ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಗುಳ್ಳೆಯ ವಿಷಯದಲ್ಲಿ ಎರಡು ಪಂಗಡಗಳಿವೆ. ಗುಳ್ಳೆಯೆಂದರೆ ದೋಷ, ಒಂದಿದ್ದರೂ ತಟ್ಟೆಯನ್ನು ಒಡೆದುಹಾಕು ಎನ್ನುವವರು ಒಂದು ಕಡೆ. ಗುಳ್ಳೆಯೇ ಗಾಜಿನ ಉಸಿರು, ಅದಿದ್ದರೇ ಕೈಕೆಲಸಕ್ಕೆ ಬೆಲೆ ಎನ್ನುವವರು ಇನ್ನೊಂದು ಕಡೆ. ನಮ್ಮ ಗೆಳೆಯರಲ್ಲಿ ಎರಡನೆಯವರೇ ಬಹಳ. ಅವರ ಬಾಯಲ್ಲಿ ಜಪಾನಿನ ಮಾತು ಬೇಗ ಬರುತ್ತದೆ. ಒಡೆದ ಬಟ್ಟಲಿಗೆ ಅಲ್ಲಿ ಚಿನ್ನದ ಪುಡಿಯ ಬೆಸುಗೆ ಹಾಕುತ್ತಾರಲ್ಲ ಎನ್ನುತ್ತಾರೆ. ಹೌದು, ಹಾಕುತ್ತಾರೆ. ಆದರೆ ಬೆಸುಗೆ ಹಾಕಿದವನು ತಾನು ಚೆಂದಕ್ಕಾಗಿಯೇ ಬಟ್ಟಲನ್ನು ಒಡೆದೆನೆಂದು ಹೇಳಿಕೊಳ್ಳುವುದಿಲ್ಲ. ಒಡೆದದ್ದು ಒಡೆದದ್ದೆಂದೇ ಎಲ್ಲರ ಕಣ್ಣಿಗೆ ಬೀಳುವಂತೆ ಗೆರೆ ಎಳೆಯುತ್ತಾನೆ. ನಾನು ಮಾಡಿದ್ದು ಅದರ ತದ್ವಿರುದ್ಧ.

ಗುಳ್ಳೆ ಗಾಜಿನ ಸ್ವಭಾವ ಎಂಬ ಮಾತೂ ನನ್ನ ಮಟ್ಟಿಗೆ ನಿಲ್ಲುವುದಿಲ್ಲ. ಹಳೆಯ ಕಾಲದ ಗಾಜಿನಲ್ಲಿ ಅದು ಸ್ವಭಾವವೇ ಆಗಿದ್ದಿರಬಹುದು. ಇಂದಿನ ಕಾರ್ಖಾನೆಯಲ್ಲಿ ಗಾಜಿನ ರಸವನ್ನು 1500 ಡಿಗ್ರಿಯ ಸುಮಾರಿನಲ್ಲಿ ಗಂಟೆಗಟ್ಟಲೆ ಇಟ್ಟು, ಗುಳ್ಳೆಗಳು ಬೇಗ ಮೇಲೇಳಲೆಂದು ಸೋಡಿಯಂ ಸಲ್ಫೇಟಿನಂಥ ಪದಾರ್ಥ ಸೇರಿಸಿ ತಿಳಿಮಾಡುತ್ತಾರೆ. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ಕ್ರಮವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪೆನಿ 1959ರಲ್ಲಿ ಪ್ರಕಟಪಡಿಸಿತು. ನಮ್ಮ ಕಿಟಕಿಗಳ ಗಾಜು ಇಂದು ಬರುವುದು ಹಾಗೆ. ಮಾವನ ರಾಶಿಯಿಂದ ಒಂದೊಂದು ತುಂಡನ್ನೂ ಬೆಳಕಿಗೆ ಹಿಡಿದು ನೋಡಿದ್ದೇನೆ. ಅದರಲ್ಲಿ ಗುಳ್ಳೆಯಿಲ್ಲ. ಎಂದ ಮೇಲೆ ‘ಮೊದಲ ಮಳೆ’ಯೊಳಗಿನ ಒಂದೊಂದು ಹನಿಯನ್ನೂ ಒಳಕ್ಕೆ ಹಾಕಿದವನು ನಾನು, ನನಗೆ ಗೊತ್ತಿಲ್ಲದೆ. ನನ್ನ ಸಣ್ಣ ಗೂಡಿನ 820 ಡಿಗ್ರಿಯಲ್ಲಿ ಗಾಜು ಜೇನಿಗಿಂತ ಎಷ್ಟೋ ಮಂದ. ಹೊಕ್ಕ ಸಣ್ಣ ಗುಳ್ಳೆ ಅಲ್ಲೇ ಸೆರೆ. ಹೊಕ್ಕದ್ದನ್ನು ತೆಗೆಯುವ ಸಾಮರ್ಥ್ಯ ಕಾರ್ಖಾನೆಗೆ ಉಂಟು, ನನಗಿಲ್ಲ. ನನ್ನ ಕೈಯಲ್ಲಿರುವುದು ಹೊಗದಂತೆ ನೋಡಿಕೊಳ್ಳುವುದು ಮಾತ್ರ.

ಇತಿಹಾಸದ ವಿದ್ಯಾರ್ಥಿಯಾಗಿ ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆ. ಪುದುಚೇರಿಯ ಬಳಿಯ ಅರಿಕಮೇಡಿನ ಹೆಸರು ನಮ್ಮ ಪಠ್ಯದಲ್ಲಿದೆ; 1945ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲಿ ಉತ್ಖನನ ನಡೆಸಿದರು. ಅಲ್ಲಿ ಸಿಕ್ಕಿರುವ ಗಾಜಿನ ಸಣ್ಣ ಮಣಿಗಳು ಪ್ರಸಿದ್ಧವಾದವು. ಬಿಸಿ ಗಾಜನ್ನು ಟೊಳ್ಳು ಕೊಳವೆಯಾಗಿ ಉದ್ದಕ್ಕೆ ಎಳೆದು ತುಂಡರಿಸಿ ಮಾಡಿದ ಮಣಿಗಳಿವು. ಎಳೆದು ಮಾಡಿದ್ದೋ, ಕಂಬಿಯ ಸುತ್ತ ಸುತ್ತಿ ಮಾಡಿದ್ದೋ ಎಂಬುದನ್ನು ವಿದ್ವಾಂಸರು ಗುರುತಿಸುವ ಒಂದು ಬಗೆ ಯಾವುದು ಗೊತ್ತೆ? ಮಣಿಯೊಳಗಿನ ಗಾಳಿಗುಳ್ಳೆ. ಎಳೆದದ್ದಾದರೆ ಗುಳ್ಳೆಗಳು ತೂತಿನ ಉದ್ದಕ್ಕೆ ಸಮನಾಗಿ ನೀಳವಾಗಿರುತ್ತವೆ. ಸುತ್ತಿದ್ದಾದರೆ ತೂತನ್ನು ಬಳಸಿಕೊಂಡಿರುತ್ತವೆ. ಮಾಡಿದವನು ಮಣ್ಣಾಗಿ ಎರಡು ಸಾವಿರ ವರ್ಷವಾದರೂ ಅವನ ಕೈ ಯಾವ ಕಡೆಗೆ ಚಲಿಸಿತೆಂದು ಗುಳ್ಳೆ ಹೇಳುತ್ತದೆ. ನನ್ನ ತಟ್ಟೆಯೂ ಹೇಳುತ್ತದೆ. ಓದಬಲ್ಲವರು ಯಾರಾದರೂ ಆ ದಿನ ಪ್ರದರ್ಶನಕ್ಕೆ ಬಂದಿದ್ದರೆ, ‘ಇವನು ಅಂಟನ್ನು ಹೆಚ್ಚು ಹಾಕಿದ್ದಾನೆ, ಗೂಡನ್ನು ಓಡಿಸಿದ್ದಾನೆ, ಹಿಟ್ಟು ಸುರಿದಿದ್ದಾನೆ’ ಎಂದು ಕಾರ್ಡನ್ನು ನೋಡದೆಯೇ ಹೇಳಿಬಿಡುತ್ತಿದ್ದರು.

ಆದ್ದರಿಂದ ನನ್ನ ವಾದ ಇದು. ಗುಳ್ಳೆಯಿದ್ದರೆ ತಪ್ಪು, ಇಲ್ಲದಿದ್ದರೆ ಸರಿ ಎಂದು ನಾನು ಹೇಳುತ್ತಿಲ್ಲ. ಬೇಕೆಂದಾಗ ತರಿಸಿ, ಬೇಡವೆಂದಾಗ ತಡೆಯಬಲ್ಲವನಿಗೆ ಗುಳ್ಳೆ ಅಲಂಕಾರವಾದೀತು. ಹೊಸಬನಿಗೆ ಆ ಹಕ್ಕು ಇನ್ನೂ ಬಂದಿಲ್ಲ. ಅವನು ಮೊದಲು ಒಂದಾದರೂ ತಿಳಿಗಾಜಿನ ತಟ್ಟೆ ಮಾಡಲಿ. ಆಮೇಲೆ ಬೇಕಾದ ಹೆಸರಿಡಲಿ. ‘ಆಕಸ್ಮಿಕವೂ ಸೌಂದರ್ಯವೇ’ ಎಂಬ ಮಾತು ಕೇಳಲು ಹಿತವಾಗಿದೆ, ಆದರೆ ಆರು ತಟ್ಟೆ ಕೆಡಿಸಿದವನ ಕಿವಿಗೆ ಅದು ಬಿದ್ದರೆ ಅವನು ಏಳನೆಯದನ್ನು ಕಲಿಯುವುದೇ ಇಲ್ಲ. ನನಗೆ ಸುಮಾರಾಗಿ ಹಾಗೆಯೇ ಆಗಿತ್ತು. ಉಪನ್ಯಾಸಕರು ಇನ್ನೊಂದು ಕೇಳದೇ ಇದ್ದಿದ್ದರೆ ನಾನು ಇಂದಿಗೂ ಗೂಡನ್ನು ಓಡಿಸುತ್ತಿರುತ್ತಿದ್ದೆ.

ಮಾವನ ಪಾಠವಾದ ಮೇಲೆ ತಿಳಿಗಾಜಿನ ತಟ್ಟೆಯೊಂದು ಕೊನೆಗೂ ಬಂದಿತು. ಅಂಟಿಲ್ಲ, ತಗಡನ್ನು ಚಪ್ಪಟೆಯಾಗಿ ತೀಡಿದ್ದೆ, ಹಲಗೆ ಎರಡು ದಿನ ಒಣಗಿತ್ತು, 600ರಿಂದ 680ಕ್ಕೆ ಏರಲು ಒಂದು ಗಂಟೆಗಿಂತ ಹೆಚ್ಚು ಕೊಟ್ಟಿದ್ದೆ. ಎಲೆಯ ತೊಟ್ಟಿನ ಬಳಿ ಎರಡು ಗುಳ್ಳೆ, ಅಷ್ಟೆ. ಅದನ್ನೂ ‘ಮೊದಲ ಮಳೆ’ಯನ್ನೂ ಎರಡು ಕೈಯಲ್ಲಿ ಹಿಡಿದು ಉಪನ್ಯಾಸಕರ ಮನೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ‘ನನಗೆ ಈಗಲೂ ಹನಿಗಳಿರುವುದೇ ಇಷ್ಟ ಕಣಯ್ಯಾ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆದರೆ ಆ ದಿನವೇ ಹೇಳಬಹುದಾಗಿತ್ತು’ ಎಂದರು. ಬೈದಿದ್ದರೆ ವಾಸಿಯಾಗುತ್ತಿತ್ತು.

ಹನಿಗಳೇ ಅವರಿಗೆ ಇಷ್ಟವಾದರೆ ಹನಿಗಳನ್ನೇ ಮಾಡೋಣವೆಂದು ಹೊರಟೆ. ಈ ಸಲ ಗೊತ್ತಿದ್ದು. ಎರಡು ಹಾಳೆಗಳ ನಡುವೆ ಅಡಿಗೆ ಸೋಡವನ್ನು ತೆಳ್ಳಗೆ ಉದುರಿಸಿದರೆ ಕಾದಾಗ ಅದರಿಂದ ಇಂಗಾಲಾಮ್ಲ ವಾಯು ಹೊರಟು ಗುಳ್ಳೆಗಳಾಗುತ್ತವೆ. ಮಾಡಿ ನೋಡಿದೆ, ಗುಳ್ಳೆ ಬಂದವು, ಆದರೆ ಸಂತೆಯಂತೆ. ಇನ್ನೊಂದು ಉಪಾಯ ಹೆಚ್ಚು ಹಿಡಿಸಿತು. ಬಚ್ಚಲುಮನೆಯ ಕಿಂಡಿಗಳಿಗೆ ಹಾಕುವ, ಒಂದು ಮೈ ಗೆರೆಗೆರೆಯಾಗಿ ಉಬ್ಬಿರುವ ಗಾಜನ್ನು ನೋಡಿದ್ದೀರಷ್ಟೆ. ಅದರ ಎರಡು ತುಂಡುಗಳನ್ನು ಗೆರೆಯ ಮೈ ಒಳಗಾಗುವಂತೆ, ಒಂದರ ಗೆರೆ ಉದ್ದಕ್ಕೂ ಇನ್ನೊಂದರದು ಅಡ್ಡಕ್ಕೂ ಬರುವಂತೆ ಇಟ್ಟರೆ, ಗೆರೆಗಳು ಕೂಡುವಲ್ಲಿ ಅಂಟಿ, ನಾಲ್ಕು ಗೆರೆಗಳ ನಡುವಿನ ಕೋಣೆಯಲ್ಲಿ ಒಂದೊಂದು ಗುಳ್ಳೆ ಉಳಿಯುತ್ತದೆ. ಎರಡು ತುಂಡನ್ನೂ ಒಂದೇ ಹಾಳೆಯಿಂದ ಕೊಯ್ಯಬೇಕು. ಬೇರೆ ಬೇರೆ ಗಾಜು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ತಣಿಯುವಾಗ ಸೀಳುತ್ತದೆ. ಇಲ್ಲಿ ಮಾತ್ರ ಆ 600ರ ಘಟ್ಟದಲ್ಲಿ ಹೆಚ್ಚು ಹೊತ್ತು ನಿಲ್ಲಕೂಡದು. ನಿಂತರೆ ಗಾಳಿ ಹೊರಟುಹೋಗುತ್ತದೆ. ಅದೇ ಗೂಡು, ಅದೇ ಗಾಳಿ. ನಿಂತರೆ ಒಂದು, ಓಡಿದರೆ ಇನ್ನೊಂದು. ಮುಚ್ಚಳ ತೆಗೆದಾಗ ಮುಂಜಾನೆ ಅಮ್ಮ ಅಂಗಳದಲ್ಲಿ ಇಡುವ ಚುಕ್ಕಿಗಳಂತೆ ಸಾಲುಸಾಲಾಗಿ ಗುಳ್ಳೆಗಳು ಕುಳಿತಿದ್ದವು. ನಂಬಿಕೆ ಬಾರದೆ ಅದೇ ವಾರ ಇನ್ನೊಂದು ಮಾಡಿದೆ. ಅದೂ ಹಾಗೆಯೇ ಬಂದಿತು. ಬಹುಮಾನ ಬಂದ ದಿನ ಇಲ್ಲದ ಸಂತೋಷ ಆ ಎರಡನೆಯ ತಟ್ಟೆಯನ್ನು ಕಂಡಾಗ ಆಯಿತು.

ಪ್ರದರ್ಶನ ಸಮಿತಿಯವರಿಗೆ ನನ್ನದೊಂದು ಬಿನ್ನಹವಿದೆ. ಮುಂದಿನ ವರ್ಷದಿಂದ ಪ್ರತಿಯೊಂದು ವಸ್ತುವಿನ ಮುಂದಿನ ಕಾರ್ಡಿನಲ್ಲಿ ಹೆಸರಿನ ಕೆಳಗೆ ಎರಡು ಸಾಲು ಜಾಗ ಬಿಡಲಿ: ಇದನ್ನು ಹೇಗೆ ಮಾಡಿದೆ, ಎಷ್ಟನೆಯ ಸಲಕ್ಕೆ ಬಂದಿತು ಎಂದು ಬರೆಯಲು. ಬೆಂಕಿಕಡ್ಡಿಯ ಗೋಲಗುಮ್ಮಟ ಕಟ್ಟಿದ ಗೆಳೆಯ ಮೂರು ಸಲ ಗುಮ್ಮಟ ಕುಸಿದು ಬಿದ್ದದ್ದನ್ನು ನನಗೆ ನಗುನಗುತ್ತ ಹೇಳಿದ. ಕಾರ್ಡಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಕುಸಿಯದಂತೆ ಅವನು ಕೊನೆಗೆ ಏನು ಮಾಡಿದನೆಂಬುದನ್ನು ಓದಿದ್ದರೆ ಅವನ ಹಿಂದೆ ಬರುವವನಿಗೆ ಒಂದು ಡಬ್ಬಿ ಕಡ್ಡಿಯಾದರೂ ಉಳಿಯುತ್ತಿತ್ತು. ಬಹುಮಾನ ಕೊಡುವವರು ಆ ಎರಡು ಸಾಲನ್ನು ಓದಿದ ಮೇಲೆ ಅಂಕ ಹಾಕಲಿ. ಆಗ ‘ಮೊದಲ ಮಳೆ’ಯಂಥವಕ್ಕೆ ಬಹುಮಾನ ತಪ್ಪಬಹುದು, ತಪ್ಪಲಿ.

ಚುಕ್ಕಿಯ ತಟ್ಟೆ ಈಗ ಉಪನ್ಯಾಸಕರ ಮಗಳ ಮನೆಯಲ್ಲಿದೆ; ದೇವರ ಮುಂದೆ ಹೂವಿಡಲು ಬಳಸುತ್ತಾರಂತೆ. ಗೃಹಪ್ರವೇಶದ ದಿನ ನಾನೂ ಊಟಕ್ಕೆ ಹೋಗಿದ್ದೆ. ಮೂರನೆಯ ಸಾಲಿನ ಕೊನೆಯಲ್ಲಿ ಒಂದು ಚುಕ್ಕಿ ಮಾತ್ರ ಪಕ್ಕದ್ದನ್ನು ಕೂಡಿಕೊಂಡು ಹುರಳಿಕಾಳಿನಷ್ಟಾಗಿದೆ. ಆ ಮನೆಯ ಪುಟ್ಟ ಹುಡುಗಿ ಅದರ ಮೇಲೆ ಬೆರಳಿಟ್ಟು ‘ಇದು ಯಾಕೆ ಹೀಗಿದೆ?’ ಎಂದಳು. ಅಲ್ಲಿ ಒಂದು ಗೆರೆ ಚಕ್ಕೆ ಎದ್ದಿತ್ತು, ಕೊಯ್ಯುವಾಗ ನಾನು ನೋಡಿರಲಿಲ್ಲ ಎಂದು ಹೇಳಿದೆ. ‘ಮೊದಲ ಮಳೆ’ ಮಾವನ ಅಂಗಡಿಯ ಮೇಜಿನ ಮೇಲಿದೆ. ಅದರಲ್ಲಿ ಅವರು ಕಟ್ಟಿನ ಹಿಂದೆ ಹೊಡೆಯುವ ಸಣ್ಣ ಮೊಳೆಗಳನ್ನು ಹಾಕಿಕೊಳ್ಳುತ್ತಾರೆ.